ಬ್ರೇಕಪ್ ಆದ ತಕ್ಷಣ ಮನುಷ್ಯ 'ಮೊದಲಿಂದಾನೂ ಅಂಥವನೇ' ಆಗಿಬಿಡೋದು ಹೇಗೆ?

ಅರ್ಧಚಂದ್ರ:
ನನ್ನ ಫ್ರೆಂಡ್ ನಾಲ್ಕು ವರ್ಷ ಪ್ರೀತಿಸಿದವನಿಂದ ದೂರ ಆದ್ಲು. ಅಷ್ಟು ದಿನ ನಾವೆಲ್ಲ ಅವನನ್ನ ಎಷ್ಟು ಸಮಾಧಾನದ ಮನುಷ್ಯ, ಜಗಳ ಆದ್ರೂ ಒಂದು ಮಾತು ಜಾಸ್ತಿ ಆಡಲ್ಲ ಅಂತ ಹೊಗಳಿದ್ದೇ ಹೊಗಳಿದ್ದು. ಈಗ ಅದೇ ಗುಣಕ್ಕೆ 'ಕಲ್ಲು, ಒಳಗೊಳಗೇ ಕುಯ್ಯೋನು' ಅಂತ ಹೆಸರು. ನಾನೂ ಅಂದೆ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಹಳೇ ಮೆಸೇಜ್ ನೋಡ್ತಾ ಕೂತಾಗ ನಾನೇ ಅವಳಿಗೆ ಕಳಿಸಿದ್ದು ಸಿಕ್ತು, 'ಇಂಥವನನ್ನ ಬಿಟ್ಟೀಯ, ಜೋಕೆ' ಅಂತ. ನಾಚಿಕೆ ಆಯ್ತು. ಪ್ರೀತಿ ಒಂದೇ ಅಲ್ಲ, ಚಿತ್ರ ಬರೆಯೋರು, ಓದೋ ಮಕ್ಕಳು, ಓಟು ಹಾಕೋರು, ಎಲ್ಲರನ್ನೂ ಒಂದೇ ಪದದಲ್ಲಿ ಮುಗಿಸಿಬಿಡ್ತೀವಲ್ಲ, ಯಾಕೆ?

ತಲೆಹರಟೆ:
ನಾನು ಲೇಟಾದ್ರೆ ಟ್ರಾಫಿಕ್, ನೀನು ಲೇಟಾದ್ರೆ ಬೇಜವಾಬ್ದಾರಿ. ಅಷ್ಟೇ ವಿಷಯ. 1967ರಲ್ಲಿ ಜೋನ್ಸ್ ಮತ್ತೆ ಹ್ಯಾರಿಸ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ರು, ಕ್ಯೂಬಾದ ನಾಯಕ ಕ್ಯಾಸ್ಟ್ರೋ ಪರ ಮತ್ತೆ ವಿರೋಧ ಬರೆದ ಪ್ರಬಂಧ ಓದೋಕೆ ಕೊಟ್ಟು, ಯಾವ ಪಕ್ಷ ಬರೀಬೇಕು ಅಂತ ಬರೆದವನಿಗೆ ಮೊದಲೇ ಹೇಳಿದ್ವಿ, ಅವನಿಗೆ ಆಯ್ಕೆನೇ ಇರ್ಲಿಲ್ಲ ಅಂತಾನೂ ತಿಳಿಸಿದ್ರು, ಆದ್ರೂ ಓದಿದವರು ವಿರೋಧ ಬರೆದವನಿಗಿಂತ ಪರ ಬರೆದವನೇ ಕ್ಯಾಸ್ಟ್ರೋ ಕಡೆ ಜಾಸ್ತಿ ವಾಲಿದವನು ಅಂತ ಎಣಿಸಿದ್ರು! ಭಾಷೆನೂ ಸಾಥ್ ಕೊಡುತ್ತೆ ನೋಡಿ. 'ಮೋಸ ಮಾಡಿದ' ಅಂದ್ರೆ ಯಾವಾಗ, ಯಾಕೆ ಅಂತ ಕೇಳ್ಬಹುದು. 'ಮೋಸಗಾರ' ಅಂದ್ಮೇಲೆ ಕೇಳೋಕೆ ಏನೂ ಉಳಿಯಲ್ಲ.

ಬಣ್ಣಗೇಡಿ:
ಕಲೆಯಲ್ಲಿ ಇನ್ನೂ ಮಜಾ. 1874ರಲ್ಲಿ ಪ್ಯಾರಿಸ್‌ನಲ್ಲಿ ಮೊನೆ ಅನ್ನೋ ಚಿತ್ರಕಾರ ಪ್ರದರ್ಶನಕ್ಕೆ ಇಟ್ಟಿದ್ದ 'ಇಂಪ್ರೆಷನ್, ಸನ್‌ರೈಸ್' ಅನ್ನೋ ಸೂರ್ಯೋದಯದ ಚಿತ್ರ ನೋಡಿ ಲೂಯಿ ಲೆರುವಾ ಅನ್ನೋ ವಿಮರ್ಶಕ, ಗೋಡೆಗೆ ಅಂಟಿಸೋ ಕಾಗದದ ಕರಡು ಕೂಡ ಇದಕ್ಕಿಂತ ಮುಗಿದ ಹಾಗೆ ಕಾಣುತ್ತೆ ಅಂತ ಗೇಲಿ ಮಾಡಿದ. ಚಿತ್ರದ ಹೆಸರನ್ನೇ ಹಿಡ್ಕೊಂಡು 'ಇಂಪ್ರೆಷನಿಸ್ಟ್' ಅಂತ ಹಂಗಿಸಿದ, ಆ ಬೈಗುಳವೇ ಕೊನೆಗೆ ಇಡೀ ಪಂಥದ ಹೆಸರಾಯ್ತು. ಹಾಗಂತ ಬೈಸಿಕೊಂಡವರೆಲ್ಲ ಮೊನೆ ಅಲ್ಲ. ನನ್ನ ಚಿತ್ರಗಳಿಗೂ ಉಗಿದಿದ್ದಾರೆ, ಅವು ನಿಜಕ್ಕೂ ಕೆಟ್ಟದಾಗೇ ಇದ್ವು 😅

ಹಳೇಮೇಷ್ಟ್ರು:
ನಾನು ಮಾಡಿದ್ದು ಹೇಳ್ತೀನಿ. ಒಬ್ಬ ಹುಡುಗನ ನೋಟ್‌ಬುಕ್ ತುಂಬ ತೂತು, ರಬ್ಬರ್ ಉಜ್ಜಿ ಉಜ್ಜಿ ಹಾಳೆ ಹರಿದಿರೋದು. ಕೆಂಪು ಇಂಕಲ್ಲಿ 'ಅಶಿಸ್ತು' ಅಂತ ಬರೆದೆ, ವರ್ಷದ ರಿಮಾರ್ಕಲ್ಲೂ ಅದೇ. ಅವನು ಅಕ್ಷರ ಸರಿ ಬರೋವರೆಗೂ ಅಳಿಸಿ ಬರೀತಿದ್ದ ಅಂತ ನಂಗೆ ಹೊಳೆದಿದ್ದು ತುಂಬ ತಡವಾಗಿ. ಅಷ್ಟರಲ್ಲಿ ಅವನು ಅಳಿಸೋದನ್ನೇ ಬಿಟ್ಟಿದ್ದ. ತಪ್ಪು ಬರೆದ್ರೆ ತಪ್ಪು ಹಾಗೇ ಇರ್ತಿತ್ತು. ಪುಸ್ತಕ ಮಾತ್ರ ನೀಟು.

ಮೂರನೇಬೆಂಚು:
ಎಲ್ಲ ಸರಿ, ಆದ್ರೆ ರಾಜಕೀಯದಲ್ಲಿ ಖಂಡಿಸದೇ ಸುಮ್ನಿರೋಕಾಗುತ್ತಾ? ಅಧಿಕಾರದಲ್ಲಿ ಇರೋನು ತಪ್ಪು ಮಾಡಿದ್ರೆ ಪರಿಸ್ಥಿತಿ ಅರ್ಥ ಮಾಡ್ಕೊಳ್ಳಿ ಅಂತ ಕೂತ್ರೆ ಮುಗೀತು ಕಥೆ. ನನ್ನ ತಕರಾರು ಇರೋದು ಅವನಿಗೆ ಓಟು ಹಾಕಿದವರನ್ನೆಲ್ಲ 'ಮಾರಿಕೊಂಡವರು' ಅನ್ನೋದಕ್ಕೆ. ಹಳೇ ಅಥೆನ್ಸ್‌ನಲ್ಲಿ ಮಡಕೆ ಚೂರಿನ ಮೇಲೆ ಹೆಸರು ಗೀಚಿ ಜನ ನಾಯಕರನ್ನ ಊರಾಚೆ ಕಳಿಸ್ತಿದ್ರು. ಅಲ್ಲಿನ ನಾಯಕ ಅರಿಸ್ಟೈಡಿಸ್ ಅನ್ನೋನ ಕಥೆ ಗ್ರೀಕ್ ಲೇಖಕ ಪ್ಲೂಟಾರ್ಕ್ ಹೇಳ್ತಾನೆ: ಅಕ್ಷರ ಬರದವನೊಬ್ಬ ಇವನ ಹತ್ರಾನೇ ಬಂದು 'ಅರಿಸ್ಟೈಡಿಸ್ ಅಂತ ಬರ್ಕೊಡಿ' ಅಂದನಂತೆ, ಯಾಕಪ್ಪಾ ಅಂದ್ರೆ, ಎಲ್ಲೋದ್ರೂ ಅವನನ್ನ ನ್ಯಾಯವಂತ ನ್ಯಾಯವಂತ ಅನ್ನೋದು ಕೇಳಿ ಸಾಕಾಗಿದೆ! ಆದ್ರೆ ಒಂದು ಮೆಚ್ಬೇಕು, ಆ ಶಿಕ್ಷೆಗೆ 10 ವರ್ಷ ಅಂತ ಗಡುವಿತ್ತು, ಆಸ್ತಿ ಮುಟ್ತಿರ್ಲಿಲ್ಲ. ನಾವು ಕಟ್ಟೋ ಹಣೆಪಟ್ಟಿಗೆ ಗಡುವೇ ಇಲ್ಲ.

ಅರ್ಧಚಂದ್ರ:
ಆ ಹಳೇ ಮೆಸೇಜ್ ಸ್ಕ್ರೀನ್‌ಶಾಟ್ ನಮ್ಮ ಗ್ರೂಪಿಗೆ ಹಾಕ್ದೆ. ಇಬ್ಬರು ನಕ್ಕರು. ಅವಳು ನೋಡಿದ್ದಾಳೆ, ಏನೂ ಬರೆದಿಲ್ಲ. ಮೇಷ್ಟ್ರೇ, ಆ ಹುಡುಗ ಆಮೇಲೆ ಏನಾದ?

ಹಳೇಮೇಷ್ಟ್ರು:
ಗೊತ್ತಿಲ್ಲಮ್ಮ. ಪಾಸಾಗಿ ಮುಂದಿನ ಕ್ಲಾಸಿಗೆ ಹೋದ. ರಿಮಾರ್ಕೂ ಜೊತೆಗೇ ಹೋಯ್ತು.