ಕಾದಂಬರಿ ಕರಡು ಮುಗಿದಿದೆ, ತಿದ್ದಲು ಎಲ್ಲಿಂದ ಶುರು ಮಾಡಲಿ?

ಡೊಂಬಿವಲಿ ಓದುಗ:
ಕಥೆ 1982ರ ಮುಂಬಯಿ ಬಟ್ಟೆ ಗಿರಣಿ ಮುಷ್ಕರದ ಹೊತ್ತಿನದು. ಪರೇಲಿನ ಉಡುಪಿ ಹೋಟೆಲು, ಊರಿಂದ ಬಂದ ಮಾಣಿ ಹುಡುಗ. 80 ಸಾವಿರ ಪದ, ನುಡಿಯ ಹಳೇ ಫಾಂಟಿನಲ್ಲಿದೆ. ಪ್ರಕಾಶಕರಿಗೆ ಕೊಡುವ ಮುಂಚೆ ನಾನೇ ತಿದ್ದಬೇಕು. ಕಾಗುಣಿತದಿಂದ ಹೊರಡಲೇ?

ಕೆಂಪುಶಾಯಿ:
ಕಾಗುಣಿತ ಕಟ್ಟಕಡೆಗೆ. ನಾಳೆ ಕಿತ್ತು ಬಿಸಾಡುವ ಅಧ್ಯಾಯದ ಒತ್ತಕ್ಷರ ಇವತ್ತು ಯಾಕೆ ತಿದ್ದುತ್ತೀರಿ? ಒಂದು ತಿಂಗಳು ಕರಡು ಮುಟ್ಟಬೇಡಿ. ಆಮೇಲೆ ಪ್ರಿಂಟ್ ತೆಗೆದು, ಪೆನ್ನು ಹಿಡಿಯದೆ ಪೂರ್ತಿ ಓದಿ. ಎರಡನೇ ಓದಿಗೆ ಅಧ್ಯಾಯಕ್ಕೊಂದು ಸಾಲು ಬರೆಯಿರಿ: ಯಾರು, ಯಾವ ತಿಂಗಳು, ಕೊನೆಗೆ ಏನು ಬದಲಾಯಿತು. ಏನೂ ಬದಲಾಗದ ಅಧ್ಯಾಯ ಪಕ್ಕದ್ದರಲ್ಲಿ ಕರಗಬೇಕು, ಇಲ್ಲವೇ ಹೋಗಬೇಕು.

ವಾಕ್ಯದ ಮಟ್ಟಕ್ಕೆ ಇಳಿದಾಗ ಇಂಥವನ್ನು ಹುಡುಕಿ: ‘ಶೆಟ್ಟರು ಹುಡುಗನನ್ನು ಕೋಪದಿಂದ ನೋಡುತ್ತಾ, "ಎರಡು ಚಾ ಎಲ್ಲಿ?" ಎಂದು ಸಿಟ್ಟಿನಿಂದ ಕೇಳಿದರು.’ ಕೋಪ ಎರಡು ಸಲ ಬಂತು, ಒಮ್ಮೆಯೂ ತಟ್ಟಲಿಲ್ಲ. ‘"ಎರಡು ಚಾ ಎಲ್ಲೋ?" ಶೆಟ್ಟರು ಗಲ್ಲಾದಿಂದ ತಲೆ ಎತ್ತಲಿಲ್ಲ.’ ಸಾಕು. ‘ಶೆಟ್ಟಿ ಬಂದ’, ‘ಶೆಟ್ಟರು ಬಂದರು’ ಎರಡೂ ಇದ್ದರೆ ನಿರೂಪಣೆಗೆ ಒಂದನ್ನು ಗಟ್ಟಿ ಮಾಡಿ. ಮರಾಠಿ ಮಾತಿನ ಬೆನ್ನಿಗೇ ಕನ್ನಡ ಅರ್ಥ ಅಂಟಿಸಬೇಡಿ, ಎದುರಿನವನ ಉತ್ತರದಲ್ಲೇ ಅದು ತಿಳಿಯಲಿ.

ವಡಾಳಾ ಲೋಕಲ್:
ಕಾಲದ ಪಟ್ಟಿ ಬೇರೆಯೇ ಮಾಡಿ. ಮುಷ್ಕರ ಶುರುವಾದದ್ದು 1982ರ ಜನವರಿ 18ಕ್ಕೆ, ಹಾಗಾಗಿ ಮೊದಲ ವಾರಗಳಲ್ಲಿ ಮಳೆ ಸುರಿಸಬೇಡಿ. ಮುಂಬಯಿಯ ದೊಡ್ಡ ರೈಲು ನಿಲ್ದಾಣದ ಹೆಸರು ಆಗ ವಿ.ಟಿ. (ವಿಕ್ಟೋರಿಯಾ ಟರ್ಮಿನಸ್), ಸಿಎಸ್‌ಟಿ ಅಲ್ಲ. ಇಂದಿನ ಪ್ರಭಾದೇವಿ ಸ್ಟೇಷನ್ನಿಗೆ ಆಗ ಎಲ್ಫಿನ್‌ಸ್ಟನ್ ರೋಡ್ ಎಂದೇ ಹೆಸರು. ಹಾರ್ಬರ್ ಲೈನಿನ ಲೋಕಲ್ ಗಾಡಿಯಲ್ಲಿ ಯಾರನ್ನೂ ದಾದರಿನಲ್ಲಿ ಇಳಿಸಬೇಡಿ, ಅದು ಅಲ್ಲಿಗೆ ಹೋಗುವುದೇ ಇಲ್ಲ.

ಡೊಂಬಿವಲಿ ಓದುಗ:
ಸಿಎಸ್‌ಟಿ ಹನ್ನೊಂದು ಕಡೆ ಇದೆ! ಹುಡುಗ ಬರುವುದು ಕೊಂಕಣ ರೈಲಿನಲ್ಲಿ...

ವಡಾಳಾ ಲೋಕಲ್:
ಆ ಹಳಿ ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಬಸ್ಸು ಹತ್ತಿಸಿ.

ಅರ್ಕಾವತ್ತು:
ಫಾಂಟಿನ ವಿಷಯ ಯಾರೂ ಎತ್ತಲಿಲ್ಲ. ತಿದ್ದುವ ಮುಂಚೆಯೇ ಯೂನಿಕೋಡಿಗೆ ಬದಲಿಸಿ, ಮೂಲ ಫೈಲನ್ನು ಬೇರೆ ಇಡಿ. ಬದಲಿಸುವಾಗ ರೋಮನ್ ಅಕ್ಷರದಲ್ಲಿದ್ದ ಹೆಸರುಗಳು ಅರ್ಥವಿಲ್ಲದ ಕನ್ನಡವಾಗಿ ಹೊರಬರಬಹುದು, ಅರ್ಕಾವತ್ತು ಜಾಗ ತಪ್ಪುವುದುಂಟು. ‘ಸಿಎಸ್‌ಟಿ’ ಹುಡುಕುವಾಗಲೂ ಎಚ್ಚರ: ‘ಸ್’ ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರಬಹುದು. ಅದಿಲ್ಲದೆ ಟೈಪಿಸಿದರೆ ಹುಡುಕಾಟಕ್ಕೆ ಸಿಗದೆ ಹೋಗಬಹುದು. ಫೈಲಿನಿಂದಲೇ ಪದವನ್ನು ಕಾಪಿ ಮಾಡಿ ಹುಡುಕಿ. ಹನ್ನೊಂದು ಹದಿನಾಲ್ಕಾದೀತು.