ಪ್ರಶ್ನೋತ್ತರ: ಗಿಟ್‌ಹಬ್‌ನಲ್ಲಿ ಆಟೋ-ಮರ್ಜ್ ಹಾಕುವುದು ಹೇಗೆ? (ಉತ್ತರ: ರಿಲೀಸ್ ಇಂಜಿನಿಯರ್ ಮೇಡಂ)

ಬ್ಯಾಕೆಂಡ್_ಹುಬ್ಬಳ್ಳಿ: ನಮಸ್ಕಾರ್ರಿ ಮೇಡಂ. ಸೆಟ್ಟಿಂಗ್ಸ್‌ನಾಗ 'ಅಲೌ ಆಟೋ-ಮರ್ಜ್' ಟಿಕ್ ಮಾಡೇನ್ರಿ. ಪಿಆರ್‌ನಾಗ ಬಟನ್ನೇ ಬರವಲ್ದು.

ಮೇಡಂ: ನಮಸ್ಕಾರ. ಆಟೋ-ಮರ್ಜ್ ಎಂದರೆ ಷರತ್ತುಗಳೆಲ್ಲ ಪೂರೈಸಿದ ಮೇಲೆ ಪಿಆರ್ (ಪುಲ್ ರಿಕ್ವೆಸ್ಟ್, ಅಂದರೆ ಕೋಡ್ ಬದಲಾವಣೆ ಸೇರಿಸುವ ಕೋರಿಕೆ) ತಾನಾಗಿ ಸೇರಿಕೊಳ್ಳುವುದು. ಹಾಗಾಗಿ ಕಾಯುವುದಕ್ಕೆ ಏನಾದರೂ ಬಾಕಿ ಇದ್ದರೆ ಮಾತ್ರ ಆ ಬಟನ್ ಬರುತ್ತದೆ. ಮೇನ್ ಬ್ರಾಂಚಿಗೆ ಪ್ರೊಟೆಕ್ಷನ್ ರೂಲ್ ಹಾಕಿ, ಒಂದು ರಿಕ್ವೈರ್ಡ್ ಚೆಕ್ (ಪಾಸ್ ಆಗಲೇಬೇಕಾದ ತಪಾಸಣೆ) ಅಥವಾ ಒಂದು ಅಪ್ರೂವಲ್ ಕಡ್ಡಾಯ ಮಾಡಿ. ಪ್ರೈವೇಟ್ ರೆಪೊ ಆದರೆ ಫ್ರೀ ಪ್ಲಾನ್‌ನಲ್ಲಿ ಈ ಸೌಲಭ್ಯ ಇಲ್ಲ.

ಕ್ಯುಎ_ಮೈಸೂರು: ಮೇಡಂ, ನಮ್ಮಲ್ಲಿ ಲಿಂಟ್, ಟೆಸ್ಟ್, ಬಿಲ್ಡ್ ಅಂತ ಮೂರು ಜಾಬ್. ಕೊನೆಗೆ 'ಗೇಟ್' ಅನ್ನೋ ಜಾಬ್, ಅದರ ನೀಡ್ಸ್‌ನಲ್ಲಿ (ಮೊದಲು ಮುಗೀಬೇಕಾದ ಜಾಬ್‌ಗಳ ಪಟ್ಟಿ) ಈ ಮೂರೂ ಇವೆ. ಗೇಟ್ ಒಂದನ್ನೇ ರಿಕ್ವೈರ್ಡ್ ಮಾಡಿದ್ದೀವಿ. ನಿನ್ನೆ ಟೆಸ್ಟ್ ಕೆಂಪಾಗಿದ್ರೂ ಪಿಆರ್ ತಾನಾಗಿ ಮರ್ಜ್ ಆಗಿದೆ. ಗಿಟ್‌ಹಬ್ ಬಗ್ ಅಲ್ವಾ?

ಮೇಡಂ: ಬಗ್ ಅಲ್ಲ. ಮೊದಲು ಆಟೋ-ಮರ್ಜ್ ಆಫ್ ಮಾಡಿ, ಆಮೇಲೆ ಮುಂದಕ್ಕೆ ಓದಿ.

ನೀಡ್ಸ್‌ನಲ್ಲಿರುವ ಒಂದು ಜಾಬ್ ಫೇಲ್ ಆದರೆ ಗೇಟ್ ಓಡುವುದೇ ಇಲ್ಲ, ಸ್ಕಿಪ್ ಆಗುತ್ತದೆ. ಸ್ಕಿಪ್ ಆದ ಜಾಬನ್ನು ಬ್ರಾಂಚ್ ಪ್ರೊಟೆಕ್ಷನ್ ಪಾಸ್ ಎಂದೇ ಲೆಕ್ಕ ಹಿಡಿಯುತ್ತದೆ. ಅಂದರೆ ಟೆಸ್ಟ್ ಫೇಲ್ ಆದಾಗಲೇ ನಿಮ್ಮ ಗೇಟ್ ತೆರೆದುಕೊಳ್ಳುತ್ತಿದೆ.

ಗೇಟ್ ಜಾಬಿಗೆ 'ಇಫ್: ಆಲ್ವೇಸ್()' ಹಾಕಿ, ಆಗ ಬೇರೆ ಜಾಬ್ ಫೇಲ್ ಆದರೂ ಗೇಟ್ ಓಡುತ್ತದೆ. ಅಷ್ಟಕ್ಕೇ ಬಿಡಬೇಡಿ. ಆಲ್ವೇಸ್ ಹಾಕಿ ಒಳಗೆ ಬರೀ ಎಕೋ (ಒಂದು ಸಾಲು ತೋರಿಸುವ ಕಮಾಂಡ್) ಇಟ್ಟರೆ ಗೇಟ್ ಯಾವತ್ತೂ ಹಸಿರೇ. ಒಳಗಿನ ಸ್ಟೆಪ್ ನೀಡ್ಸ್‌ನ ಪ್ರತಿಯೊಂದು ಜಾಬಿನ ರಿಸಲ್ಟ್ ನೋಡಬೇಕು, 'ಸಕ್ಸೆಸ್' ಅಲ್ಲದ್ದು ಒಂದು ಕಂಡರೂ 'ಎಕ್ಸಿಟ್ 1' (ಫೇಲ್ ಎಂಬ ಸೂಚನೆ) ಆಗಬೇಕು. 'ಫೇಲ್ಯೂರ್' ಒಂದನ್ನೇ ಹುಡುಕಿದರೆ 'ಕ್ಯಾನ್ಸಲ್ಡ್' ನುಸುಳುತ್ತದೆ. ಯಾವುದಾದರೂ ಜಾಬ್ ನ್ಯಾಯವಾಗಿಯೇ ಸ್ಕಿಪ್ ಆಗುವಂಥದ್ದಾದರೆ ಅದರ ಹೆಸರು ಬರೆದು ಅದೊಂದಕ್ಕೆ ಮಾತ್ರ ವಿನಾಯಿತಿ ಕೊಡಿ.

ಆಮೇಲೆ ಪರೀಕ್ಷೆ. ಬೇಕೆಂದೇ ಮುರಿದ ಟೆಸ್ಟ್ ಇರುವ ಪಿಆರ್ ತೆಗೆದು ಗೇಟ್ ಕೆಂಪಾಗುತ್ತದಾ ನೋಡಿ. ಇನ್ನೊಂದರಲ್ಲಿ ಟೆಸ್ಟ್ ಓಡುತ್ತಿರುವಾಗ ರನ್ ಕ್ಯಾನ್ಸಲ್ ಮಾಡಿ ನೋಡಿ. ಎರಡೂ ಕೆಂಪಾದ ಮೇಲೇ ಆಟೋ-ಮರ್ಜ್ ಆನ್. ಈ ಗೇಟ್ ಬಂದಾಗಿನಿಂದ ಒಳಗೆ ಹೋದ ಪಿಆರ್‌ಗಳ ರನ್‌ಗಳನ್ನೂ ಒಂದೊಂದಾಗಿ ತೆರೆದು ನೋಡಿ. ನಿನ್ನೆಯದೇ ಮೊದಲನೆಯದು ಅಂತ ನಂಬಬೇಡಿ.

ಫ್ರಂಟೆಂಡ್_ಮಂಗಳೂರು: ನಮ್ದು ಇದಕ್ಕೆ ಉಲ್ಟಾ ಮೇಡಂ. ರೀಡ್‌ಮಿ ಮಾತ್ರ ಬದಲಾದ್ರೆ ಚೆಕ್ 'ಪೆಂಡಿಂಗ್' ಅಂತ ನಿಂತೇ ಇರ್ತದೆ.

ಮೇಡಂ: ವರ್ಕ್‌ಫ್ಲೋ (ಜಾಬ್‌ಗಳೆಲ್ಲ ಇರುವ ಫೈಲ್) ಮಟ್ಟದಲ್ಲಿ ಪಾತ್ಸ್ ಫಿಲ್ಟರ್ (ಇಂಥ ಫೈಲ್ ಬದಲಾದರೆ ಮಾತ್ರ ಓಡು ಎಂಬ ಷರತ್ತು) ಹಾಕಿದ್ದೀರಿ. ವರ್ಕ್‌ಫ್ಲೋ ಶುರುವೇ ಆಗದಿದ್ದರೆ ವರದಿ ಕೊಡುವವರು ಯಾರು? ಫಿಲ್ಟರ್ ತೆಗೆದು, ಜಾಬ್ ಮಟ್ಟದ ಇಫ್‌ನಲ್ಲಿ ಸ್ಕಿಪ್ ಮಾಡಿಸಿ.

ದೇವ್_ತುಮಕೂರು: *ಫಾರ್ವರ್ಡ್ ಮಾಡಿದ್ದು:* ಕಾನ್‌ಫ್ಲಿಕ್ಟ್ ಕಾಟಕ್ಕೆ ಒಂದೇ ಸಾಲಿನ ಪರಿಹಾರ! ಸ್ಕ್ರಿಪ್ಟ್‌ನಲ್ಲಿ 'ಗಿಟ್ ಮರ್ಜ್ -ಎಕ್ಸ್ ದೇರ್ಸ್' ಹಾಕಿ, ನಿಶ್ಚಿಂತೆಯಿಂದ ಇರಿ.

ಮೇಡಂ: ದಯವಿಟ್ಟು ಯಾರೂ ಇದನ್ನು ಹಾಕಬೇಡಿ. ಕಾನ್‌ಫ್ಲಿಕ್ಟ್ ಬಂದ (ಎರಡೂ ಕಡೆ ಬೇರೆ ಬೇರೆಯಾಗಿ ಬದಲಾದ) ಸಾಲುಗಳಲ್ಲಿ ನಮ್ಮ ಕಡೆಯದನ್ನು ಸದ್ದಿಲ್ಲದೆ ಎಸೆಯುತ್ತದೆ, ಉಳಿದ ಸಾಲುಗಳನ್ನು ಎರಡೂ ಕಡೆಯಿಂದ ಸೇರಿಸುತ್ತದೆ. ಯಾರೂ ಬರೆಯದ ಫೈಲ್ ತಯಾರಾಗುತ್ತದೆ. ರಿಬೇಸ್‌ನಲ್ಲಿ (ನಮ್ಮ ಕಮಿಟ್‌ಗಳನ್ನು ಇನ್ನೊಂದು ಬ್ರಾಂಚಿನ ಮೇಲೆ ಮತ್ತೆ ಕೂರಿಸುವಾಗ) 'ಅವರ್ಸ್', 'ದೇರ್ಸ್' ಅದಲುಬದಲು ಬೇರೆ. ಕಾನ್‌ಫ್ಲಿಕ್ಟ್ ಬಂದರೆ ಆಟೋ-ಮರ್ಜ್ ನಿಲ್ಲಬೇಕು, ಮನುಷ್ಯರು ನೋಡಬೇಕು.

ದೇವ್_ತುಮಕೂರು: ಲಾಕ್ ಫೈಲಿಗಾದ್ರೂ ಹಾಕಬಹುದಲ್ಲ?

ಮೇಡಂ: ಬೇಡ. ಪ್ಯಾಕೇಜ್ ಡಾಟ್ ಜೇಸನ್ ಸರಿಮಾಡಿ, 'ಎನ್‌ಪಿಎಂ ಇನ್‌ಸ್ಟಾಲ್' ಕೊಡಿ. ಲಾಕ್ ಫೈಲನ್ನು (ಪ್ಯಾಕೇಜ್‌ಗಳ ನಿಖರ ವರ್ಷನ್‌ಗಳ ಪಟ್ಟಿ) ಅದೇ ಸರಿಮಾಡುತ್ತದೆ.

ಓಪ್ಸ್_ಬೆಂಗಳೂರು: ಡಿಪೆಂಡಬಾಟ್ (ಪ್ಯಾಕೇಜ್ ಅಪ್‌ಡೇಟ್‌ಗೆ ತಾನೇ ಪಿಆರ್ ತೆಗೆಯೋ ಗಿಟ್‌ಹಬ್ ಬಾಟ್) ಪಿಆರ್‌ಗೆ ಆಟೋ-ಮರ್ಜ್ ಹಾಕಿದ್ವಿ. ಮರ್ಜ್ ಆಗುತ್ತೆ, ಮೇನ್‌ನಲ್ಲಿ ಡಿಪ್ಲಾಯ್ ಮಾತ್ರ ಓಡ್ತಿಲ್ಲ.

ಮೇಡಂ: ವರ್ಕ್‌ಫ್ಲೋಗೆ ತಾನಾಗಿ ಸಿಗುವ ಗಿಟ್‌ಹಬ್ ಟೋಕನ್‌ನಿಂದ ಆದ ಪುಶ್ ಹೊಸ ವರ್ಕ್‌ಫ್ಲೋ ಶುರುಮಾಡುವುದಿಲ್ಲ. ಗಿಟ್‌ಹಬ್ ಆ್ಯಪ್ ಮಾಡಿ, ಅದರ ಟೋಕನ್ ಬಳಸಿ.

ಎಲ್ಲ ಅಪ್‌ಡೇಟ್‌ಗಳನ್ನೂ ಬಿಡಬೇಡಿ, ಪ್ಯಾಚ್ ವರ್ಷನ್ ಮಾತ್ರ. ಡಿಪೆಂಡಬಾಟ್ ಕಾನ್ಫಿಗ್‌ನಲ್ಲಿ 'ಕೂಲ್‌ಡೌನ್' (ಹೊಸ ವರ್ಷನ್ ಬಂದ ಮೇಲೆ ಕಾಯುವ ಅವಧಿ) ಕೆಲವು ದಿನ ಇಡಿ. 2025ರ ಸೆಪ್ಟೆಂಬರ್ 8ರಂದು ಎನ್‌ಪಿಎಂನಲ್ಲಿ ಚಾಕ್, ಡೀಬಗ್ ಪ್ಯಾಕೇಜ್‌ಗಳ ವಿಷ ಬೆರೆತ ವರ್ಷನ್‌ಗಳು ಬಂದವು, ಕೆಲವೇ ಗಂಟೆಗಳಲ್ಲಿ ತೆಗೆದರು. ಆ ಹೊತ್ತಿನಲ್ಲಿ ಸಿಕ್ಕಿಬೀಳುವುದು ಬಂದ ತಕ್ಷಣ ಮರ್ಜ್ ಮಾಡುವವರೇ.

ಫುಲ್‌ಸ್ಟ್ಯಾಕ್_ದಾವಣಗೆರೆ: 'ಪುಲ್ ರಿಕ್ವೆಸ್ಟ್ ಟಾರ್ಗೆಟ್' ಟ್ರಿಗರ್ ಹಾಕಿದ್ರೆ ಟೋಕನ್ ತಲೆನೋವೇ ಇಲ್ಲ. ಎಲ್ಲರೂ ಅದನ್ನೇ ಮಾಡ್ತಾರೆ.

ಓಪ್ಸ್_ಬೆಂಗಳೂರು: ಆ ಟ್ರಿಗರ್‌ಗೆ ರೆಪೊದ ಸೀಕ್ರೆಟ್ಸ್ (ಪಾಸ್‌ವರ್ಡ್, ಟೋಕನ್) ಸಿಗುತ್ತೆ. ಅದರಲ್ಲಿ ಪಿಆರ್‌ನ ಕೋಡ್ ಚೆಕೌಟ್ ಮಾಡಿ ಓಡಿಸಿದ್ರೆ ಹೊರಗಿನವರ ಕೈಗೆ ನಿಮ್ಮ ಸೀಕ್ರೆಟ್ಸ್ ಕೊಟ್ಟ ಹಾಗೆ. ಗೊತ್ತಿಲ್ದೆ ಸಲಹೆ ಕೊಡಬೇಡಿ.

ಫುಲ್‌ಸ್ಟ್ಯಾಕ್_ದಾವಣಗೆರೆ: ನಮ್ದು ಪ್ರೈವೇಟ್ ರೆಪೊ ಗುರು. ಹೊರಗಿನವರು ಎಲ್ಲಿಂದ ಬರ್ತಾರೆ?

ಓಪ್ಸ್_ಬೆಂಗಳೂರು: ಪ್ಯಾಕೇಜ್‌ನ ಪೋಸ್ಟ್‌ಇನ್‌ಸ್ಟಾಲ್ ಸ್ಕ್ರಿಪ್ಟ್‌ನಿಂದ (ಇನ್‌ಸ್ಟಾಲ್ ಆದಾಗ ತಾನಾಗಿ ಓಡೋದು) ಬರ್ತಾರೆ. ಡಿಪೆಂಡಬಾಟ್ ತರೋದೇ ಹೊರಗಿನ ಕೋಡ್.

ಮೇಡಂ: ಬೆಂಗಳೂರಿನವರು ಹೇಳಿದ್ದು ಸರಿ. ಇನ್ನೊಂದು: ಥರ್ಡ್ ಪಾರ್ಟಿ ಆ್ಯಕ್ಷನ್‌ಗಳನ್ನು (ವರ್ಕ್‌ಫ್ಲೋದಲ್ಲಿ ಬಳಸುವ, ಬೇರೆಯವರು ಬರೆದ ಸಿದ್ಧ ಸ್ಟೆಪ್‌ಗಳು) ಟ್ಯಾಗಿಗಲ್ಲ, ಪೂರ್ತಿ ಕಮಿಟ್ ಹ್ಯಾಶಿಗೆ ಪಿನ್ ಮಾಡಿ. 2025ರ ಮಾರ್ಚ್‌ನಲ್ಲಿ ಟಿಜೆ-ಆ್ಯಕ್ಷನ್ಸ್‌ನ 'ಚೇಂಜ್ಡ್-ಫೈಲ್ಸ್' ಟ್ಯಾಗ್‌ಗಳನ್ನೇ ದುಷ್ಟ ಕಮಿಟಿಗೆ ತಿರುಗಿಸಿದ್ದರು, ಸೀಕ್ರೆಟ್‌ಗಳು ಲಾಗ್‌ನಲ್ಲಿ ಬಿದ್ದವು.

ಆ್ಯಂಡ್ರಾಯ್ಡ್_ಶಿವಮೊಗ್ಗ: ಮೇಡಂ, ಆಟೋ-ಮರ್ಜ್ ಬಟನ್ ಕಾಣ್ತಾ ಇಲ್ಲ.

ಮೇಡಂ: ಮೊದಲ ಉತ್ತರ ಓದಿ.

ಡೇಟಾ_ಕಲಬುರಗಿ: ಗಿಟ್‌ಲ್ಯಾಬ್ ಮರ್ಜ್ ಟ್ರೇನ್ (ಬದಲಾವಣೆಗಳನ್ನ ಸಾಲಾಗಿ ನಿಲ್ಲಿಸಿ, ಒಟ್ಟಿಗೆ ಟೆಸ್ಟ್ ಮಾಡಿ ಸೇರಿಸೋ ಕ್ಯೂ) ಬಗ್ಗೆನೂ ಹೇಳ್ರಿ ಮೇಡಂ.

ಫುಲ್‌ಸ್ಟ್ಯಾಕ್_ದಾವಣಗೆರೆ: ಮರ್ಜ್ ಕ್ಯೂ, ಟ್ರೇನು ಎಲ್ಲ ದೊಡ್ಡ ಕಂಪನಿಗಳ ಶೋಕಿ. ಪಿಆರ್ ಹಸಿರಿದ್ರೆ ಮರ್ಜ್ ಮಾಡಿ, ಮುಗೀತು.

ಕ್ಯುಎ_ಮೈಸೂರು: ಮುಗಿಯಲ್ಲ. ಒಂದು ಪಿಆರ್ ಫಂಕ್ಷನ್ ಹೆಸರು ಬದಲಿಸುತ್ತೆ, ಇನ್ನೊಂದು ಹಳೇ ಹೆಸರಲ್ಲೇ ಹೊಸದಾಗಿ ಕರೆಯುತ್ತೆ. ಎರಡೂ ಹಸಿರು, ಕಾನ್‌ಫ್ಲಿಕ್ಟೂ ಇಲ್ಲ, ಎರಡನೇದು ಸೇರಿದ ಕೂಡಲೇ ಮೇನ್ ಮುರಿಯುತ್ತೆ.

ಫುಲ್‌ಸ್ಟ್ಯಾಕ್_ದಾವಣಗೆರೆ: ರಿವ್ಯೂ ಸರಿಯಾಗಿ ಮಾಡೋರಿಗೆ ಹಾಗಾಗಲ್ಲ.

ಕ್ಯುಎ_ಮೈಸೂರು: ರಿವ್ಯೂ ಮಾಡೋರು ಒಂದು ಪಿಆರ್ ನೋಡ್ತಾರೆ ಕಣ್ರೀ, ಎರಡು ಸೇರಿದ್ದನ್ನಲ್ಲ. ಪ್ರಶ್ನೆ ಓದಿ ಮಾತಾಡಿ.

ಅಡ್ಮಿನ್: ಇಬ್ಬರೂ ಸ್ವಲ್ಪ ತಡೀರಿ.

ಮೇಡಂ: ದಿನಕ್ಕೆ ನಾಲ್ಕೈದು ಪಿಆರ್ ಇರುವ ತಂಡಕ್ಕೆ 'ಬ್ರಾಂಚ್ ಅಪ್ ಟು ಡೇಟ್ ಇರಬೇಕು' ಎಂಬ ರೂಲ್ ಸಾಕು. ಪಿಆರ್ ಜಾಸ್ತಿ ಇದ್ದರೆ ಒಂದು ಮರ್ಜ್ ಆದಾಗಲೆಲ್ಲ ಉಳಿದವನ್ನು ಅಪ್‌ಡೇಟ್ ಮಾಡಿ ಮತ್ತೆ ಟೆಸ್ಟ್ ಓಡಿಸಬೇಕು, ಆಗ ಕ್ಯೂ ಬೇಕೇ ಬೇಕು. ಕ್ಯೂ ಹಾಕುವವರು ವರ್ಕ್‌ಫ್ಲೋದ 'ಆನ್' ಕೆಳಗೆ 'ಮರ್ಜ್ ಗ್ರೂಪ್' ಟ್ರಿಗರ್ ಸೇರಿಸಿ. ಮರೆತರೆ ಚೆಕ್ ವರದಿಯೇ ಬರದೆ ಪಿಆರ್ ಕ್ಯೂನಲ್ಲಿ ಕಾದು ಹೊರಬೀಳುತ್ತದೆ. ಪರ್ಸನಲ್ ಅಕೌಂಟಿನ ರೆಪೊಗೆ ಕ್ಯೂ ಸಿಗುವುದಿಲ್ಲ, ಆರ್ಗನೈಸೇಷನ್ ಬೇಕು.

ಐಒಎಸ್_ಉಡುಪಿ: ಸ್ಕ್ವಾಶ್ ಒಳ್ಳೆಯದಾ, ಮರ್ಜ್ ಕಮಿಟ್ಟಾ?

ಬ್ಯಾಕೆಂಡ್_ಹುಬ್ಬಳ್ಳಿ: ನನಗೂ ಬಟನ್ ಇನ್ನೂ ಬಂದಿಲ್ರಿ ಮೇಡಂ.

ಮೇಡಂ: ರೂಲ್ ಹಾಕಿದ್ರಾ?

ಬ್ಯಾಕೆಂಡ್_ಹುಬ್ಬಳ್ಳಿ: ಇಲ್ರಿ.

ಮೇಡಂ: ಹಾಕಿ.

ಕ್ಯುಎ_ಮೈಸೂರು: ಮೇಡಂ, ಗೇಟ್ ಬದಲಿಸಿದ್ವಿ. ಮುರಿದ ಟೆಸ್ಟಿಗೂ ಕೆಂಪು, ಕ್ಯಾನ್ಸಲ್ ಮಾಡಿದಾಗಲೂ ಕೆಂಪು. ಹಳೇ ರನ್ ನೋಡಿದ್ರೆ ಇನ್ನೂ ಎರಡು ಪಿಆರ್ ಹಾಗೇ ಒಳಗೆ ಹೋಗಿವೆ.

ಮೇಡಂ: ಅವೆರಡರ ಟೆಸ್ಟ್‌ಗಳನ್ನು ಈಗಿನ ಮೇನ್ ಮೇಲೆ ಓಡಿಸಿ, ಫೇಲ್ ಆದರೆ ಇವತ್ತೇ ರಿವರ್ಟ್ ಮಾಡಿ. ರೂಲ್‌ನಲ್ಲಿ ಅಡ್ಮಿನ್‌ಗಳಿಗೂ ಬೈಪಾಸ್ ಇಲ್ಲದ ಹಾಗೆ ಟಿಕ್ ಹಾಕಿ. ಅದಾದ ಮೇಲೆ ಆಟೋ-ಮರ್ಜ್ ಆನ್ ಮಾಡಬಹುದು.