ಆ ಮಿಕ್ಸರ್ ಈಗಽ ತರಬ್ಯಾಡ್ರಿ

ಹಾಂ ತಂಗೆವ್ವಾ, ನಿನ್ನ ಮೆಸೇಜ್ ನೋಡಿದೆ. ಹುಡುಗ ಡ್ರಮ್ ರೆಕಾರ್ಡ್ ಮಾಡಾಕ ಎಂಟು ಚಾನೆಲ್ಲಿನ ಯುಎಸ್‌ಬಿ ಮಿಕ್ಸರ್ ನೋಡಿ ಬಂದಾನ, ಅಂಗಡ್ಯಾಗ ನೇರ ಕಂಪ್ಯೂಟರಿಗೆ ಹೋಗತೈತಿ ಅಂದಾರ, ರೊಕ್ಕ ದಂಡ ಆಗತೈತೇನು ಅಂತ ಕೇಳೀದಿ. ಆಗತೈತಿ. ನಾಳೆ ಹುಬ್ಬಳ್ಳಿಗೆ ಹೋಗೂದು ನಿಲ್ಲಸ್ರಿ.

ನಮ್ಮ ಓಣಿ ಭಜನಿ ಮಂಡಳಿ ಮಿಕ್ಸರಿನ ಗತಿ ನಿಮಗೆಲ್ಲಾ ಗೊತ್ತಽ ಐತಿ. ಅದಕ್ಕೂ ಯುಎಸ್‌ಬಿ ಇತ್ತು. ದಮ್ಮಡಿ, ತಬಲಾ, ಪೇಟಿ, ತಾಳ, ಹಾಡವರು, ಎಲ್ಲಾಕ್ಕೂ ಬ್ಯಾರೆ ಬ್ಯಾರೆ ಮೈಕ್ ಹಚ್ಚಿ ಶಿವರಾತ್ರಿ ಜಾಗರಣಿ ಪೂರ್ತಿ ರೆಕಾರ್ಡ್ ಆತು. ಬೆಳಿಗ್ಗೆ ಕಂಪ್ಯೂಟರಿನ್ಯಾಗ ತಗದ್ರ ಎಡಕೊಂದು ಬಲಕ್ಕೊಂದು, ಎರಡಽ ಗೆರಿ! ಆ ನಮೂನಿ ಮಿಕ್ಸರ್ ಎಲ್ಲಾ ಮೈಕಿನ ದನಿ ತನ್ನೊಳಗಽ ಕಲಸಿ, ಸ್ಟೀರಿಯೋ ಮಾಡಿ, ಆಮ್ಯಾಲೆ ಯುಎಸ್‌ಬಿಗೆ ಬಿಡತೈತಿ. ದಮ್ಮಡಿ ಹಾಡಿನ ಮ್ಯಾಲೆ ಕುಂತಿತ್ತು. ಅದನ್ನ ಇಳಿಸಿದ್ರ ಹಾಡೂ ಇಳೀತಿತ್ತು. ಕಲಸಿದ ಹಿಟ್ಟಿನ್ಯಾಗಿಂದ ಉಪ್ಪು ಹ್ಯಾಂಗ ತಗೀತಿ? ಡ್ರಮ್ಮಿಗೂ ಇದಽ ಆಗೂದು. ಕಿಕ್ (ಕಾಲಿಲೆ ತುಳದು ಬಾರಸು ದೊಡ್ಡ ಡ್ರಮ್) ಏರಸಬೇಕು, ಸ್ನೇರ್ (ಮುಂದ ಇರು ಚುರುಕು ದನಿ ಡ್ರಮ್) ಇಳಸಬೇಕು ಅಂದ್ರ ಎರಡೂ ಬ್ಯಾರೆ ಟ್ರ್ಯಾಕ್, ಅಂದ್ರ ಬ್ಯಾರೆ ಗೆರಿ, ಇರಬೇಕು.

ಅದಕ್ಕಽ, ಮಿಕ್ಸರಿನ ಮ್ಯಾಲೆ ಮೈಕ್ ಹಚ್ಚು ತೂತು ಎಷ್ಟು ಅದಾವಂತ ಎಣಸಬ್ಯಾಡ್ರಿ. ಯುಎಸ್‌ಬಿಯಿಂದ ಎಷ್ಟು ಚಾನೆಲ್ ಬ್ಯಾರೆ ಬ್ಯಾರೆ ಹೋಗ್ತಾವ ಕೇಳ್ರಿ. ಎಲ್ಲಾ ಬಿಡಿಬಿಡಿಯಾಗಿ ಕಳಸು ಮಿಕ್ಸರೂ ಅದಾವ, ಮಲ್ಟಿಟ್ರ್ಯಾಕ್ ಅಂತಾರ, ರೇಟು ಜಾಸ್ತಿ.

ಡ್ರಮ್ ಅಂದ್ರ ನೆನಪಾತು. ಹೋಳಿ ಹಬ್ಬಕ್ಕ ಹುಬ್ಬಳ್ಯಾಗ ಜಗ್ಗಲಗಿ ಬಾರಸ್ತಾರ, ಎತ್ತಿನ ಗಾಡಿ ಗಾಲಿಗೆ ಚರ್ಮ ಬಿಗದ ವಾದ್ಯ, ಅಲ್ಲೇ ಹತ್ರದ ಬ್ಯಾಹಟ್ಟಿ ಊರವರು ಬಾರಸಿದ್ರ ಎದಿ ನಡಗತೈತಿ. ಮಂದಿ ಎಲ್ಲಾ ಹತ್ರ ಹೋಗಿ ಮೊಬೈಲ್ ಹಿಡೀತಾರ. ಆ ಸಣ್ಣ ಮೈಕ್ ಅಷ್ಟು ಪೆಟ್ಟು ತಡಿಯೂದಿಲ್ಲ, ದನಿ ಹರದು ಬರೇ ಪರಪರ ಉಳೀತೈತಿ. ಡಿಜೆ ತರಸಾಕ ಪಟ್ಟಿ ಎತ್ತತಾರ, ಇದನ್ನ ಒಂದು ಸಲ ಛಂದಾಗಿ ರೆಕಾರ್ಡ್ ಮಾಡಿ ಇಡೂಣು ಅಂದ್ರ ಒಬ್ಬರೂ ಬರೂದಿಲ್ಲ. ಈ ಗ್ರೂಪಿನ್ಯಾಗೂ ಹೇಳೀನಿ, ಯಾರೂ ಹೂಂ ಅನ್ನಲಿಲ್ಲ. ಬಾರಸು ಹಿರ್ಯಾರು ಎಷ್ಟು ದಿನ ಇರ್ತಾರ?

ಇರ್ಲಿ, ಮತ್ತ ಹೇಳ್ತೇನಿ, ತೂತು ಎಣಸಬ್ಯಾಡ್ರಿ, ಯುಎಸ್‌ಬಿ ಚಾನೆಲ್ ಕೇಳ್ರಿ.

ಅಯ್ಯ, ಏನು ತರಬೇಕು ಅನ್ನೂದಽ ಉಳೀತಲ್ಲ. ನಾಕು ಮೈಕ್ ಪ್ರೀ-ಆಂಪ್ (ಮೈಕಿನ ಸಣ್ಣ ದನಿ ಏರಸು ಭಾಗ) ಇರು ಆಡಿಯೋ ಇಂಟರ್‌ಫೇಸ್, ಅಂದ್ರ ಮೈಕಿನ ದನಿ ಬಿಡಿಬಿಡಿಯಾಗಿ ಕಂಪ್ಯೂಟರಿಗೆ ಕಳಸು ಡಬ್ಬಿ, ತಗೋರಿ, ಬೆಹ್ರಿಂಜರ್ ಯುಎಂಸಿ404ಎಚ್‌ಡಿ ಅಂಥಾದ್ದು. ಮೈಕ್ ಒಂದೊಂದಾಗಿ ಆಮ್ಯಾಲೂ ತರಬಹುದು, ಆ ಡಬ್ಬಿಯೊಳಗ ಪ್ರೀ-ಆಂಪ್ ಆಮ್ಯಾಲೆ ಹಚ್ಚಾಕ ಬರೂದಿಲ್ಲ. ಕಿಕ್ಕಿಗೊಂದು, ಸ್ನೇರಿಗೊಂದು ಡೈನಾಮಿಕ್ ಮೈಕ್ (ಜೋರ್ ಪೆಟ್ಟು ತಡಿಯುವಂಥಾದ್ದು), ಡ್ರಮ್ಮಿನ ಮ್ಯಾಲೆ ಎರಡು ಕಂಡೆನ್ಸರ್ ಮೈಕ್ (ಸೂಕ್ಷ್ಮ ದನಿ ಹಿಡಿಯುವಂಥಾದ್ದು). ಕಂಡೆನ್ಸರಿಗೆ ಕರೆಂಟ್ ಬೇಕು, ಇಂಟರ್‌ಫೇಸಿನ 48 ವೋಲ್ಟ್ ಬಟನ್ ಒತ್ತಬೇಕು. ಮ್ಯಾಲಿನ ಎರಡೂ ಮೈಕ್ ಸ್ನೇರಿನ ನಡುವಿನಿಂದ ಸಮ ದೂರ ಇರಬೇಕು, ದಾರ ಹಿಡದು ಅಳೀರಿ. ಹೆಚ್ಚುಕಡಿಮಿ ಆದ್ರ ಸ್ನೇರಿನ ದನಿ ಎರಡಕ್ಕೂ ಹಿಂದಮುಂದ ಮುಟ್ಟಿ ತೆಳ್ಳಗ ಕೇಳಸತೈತಿ. ಗೇನ್ (ಪ್ರೀ-ಆಂಪ್ ದನಿ ಏರಸು ತಿರುಗಣಿ) ಪೂರ್ತಿ ಇಳಿಸಿದ್ರೂ ಕಿಕ್ಕಿಗೆ ಕೆಂಪು ದೀಪ ಹತ್ತಿದ್ರ ಹುಡುಗ ಪ್ಯಾಡ್ ಬಟನ್ ಒತ್ತಲಿ, ಅದು ಒಳಗ ಬರು ದನೀನಽ ತಗ್ಗಸತೈತಿ. ಪ್ರೀ-ಆಂಪಿನ್ಯಾಗ ಹರದ ದನಿ ಕಂಪ್ಯೂಟರಿನ್ಯಾಗ ಹೊಲಿಯಾಕ ಬರೂದಿಲ್ಲ. ಜೋರ್ ಹೊಡದಾಗ ಸಾಫ್ಟ್‌ವೇರಿನ ದನಿ ಮೀಟರ್ ಮೈನಸ್ 10 ಡೆಸಿಬಲ್ ಆಸುಪಾಸು ನಿಂತ್ರ ಸಾಕು, ರೆಕಾರ್ಡಿಂಗ್ 24 ಬಿಟ್ ಇಡಲಿ. ವಿಂಡೋಸ್ ಕಂಪ್ಯೂಟರ್ ಇದ್ರ ಕಂಪನಿದಽ ಎಎಸ್‌ಐಒ ಡ್ರೈವರ್ (ದನಿ ಲಗೂ ದಾಟಸು ಸಾಫ್ಟ್‌ವೇರ್) ಹಾಕಲಿ, ಇಲ್ಲಂದ್ರ ಹೆಡ್‌ಫೋನಿನ್ಯಾಗ ದನಿ ತಡಾ ಬರತೈತಿ. ರೆಕಾರ್ಡ್ ಮಾಡು ಸಾಫ್ಟ್‌ವೇರ್ ರೀಪರ್ ಸಾಕು, 60 ದಿನ ರೊಕ್ಕ ಇಲ್ಲದಽ ನೋಡಬಹುದು. ಹೆಡ್‌ಫೋನ್ ಕಿವಿ ಪೂರ್ತಿ ಮುಚ್ಚುವಂಥಾದ್ದಽ ಇರಲಿ.

ನಿಮ್ಮ ಮನಿ ಮ್ಯಾಲಿನ ಪತ್ರಾಸಿನ ಖೋಲಿ ಭಾಳ ಗಂಯ್ ಅಂತೈತಿ. ಡ್ರಮ್ಮಿನ ನೆತ್ತಿ ಮ್ಯಾಲೆ, ಹಿಂದಿನ ಗ್ವಾಡಿಗೆ ದಪ್ಪ ಕೌದಿ ಕಟ್ರಿ.

ಬಿಲ್ಲಿನ ಮ್ಯಾಲೆ ಮಾಡೆಲ್ ನಂಬರ್ ಪೂರ್ತಿ ಬರಸ್ಕೋರಿ. 404 ಬದಲಿ 204 ಕೈಗೆ ಕೊಟ್ರ ಎರಡಽ ಮೈಕ್ ಹತ್ತತಾವ.